ಬತ್ತಿದ ಮನಸ್ಸು, ದಿನದ ಓದು: ಬೈಬಲ್ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಗುರುವಾರ ಸಂಜೆ ಹತ್ತು ಹನ್ನೆರಡು ಮಂದಿ ಸೇರಿ ಬೈಬಲ್ ಓದುತ್ತೇವೆ. ನಾನು ಸಭಾಪಾಲಕಿಯಲ್ಲ, ದೇವಶಾಸ್ತ್ರ ಕಲಿತವಳೂ ಅಲ್ಲ; ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಉತ್ತರಗಳಲ್ಲಿ ಉಪದೇಶಕ್ಕಿಂತ ವ್ಯಾಕರಣವೇ ಹೆಚ್ಚು ಕಂಡರೆ ಅದಕ್ಕೆ ಇದೇ ಕಾರಣ. ಗುರುವಾರ ಬರುವವರು, ಬರಲಾಗದೆ ಫೋನಿನಲ್ಲಿ ಕೇಳುವವರು, ಗುಡಿಯ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುವವರು, ಎಲ್ಲರ ಪ್ರಶ್ನೆಗಳೂ ಸುತ್ತಿಬಳಸಿ ಇವೇ. ಅದಕ್ಕೇ ಒಂದೆಡೆ ಬರೆದಿಟ್ಟೆ.

ದಿನಾ ಓದಿದರೆ ಮನಸ್ಸು ನಿಜವಾಗಿಯೂ ಹೊಸದಾಗುತ್ತದೆಯೇ?

ಆಗುತ್ತದೆ. ಆದರೆ ಇಂಥ ವಾರ, ಇಂಥ ದಿನ ಅಂತ ಹೇಳಿ ಬರುವುದಿಲ್ಲ.

ಪ್ರವಾದಿ ಯೆಶಾಯನ ಪುಸ್ತಕದ 40ನೇ ಅಧ್ಯಾಯದ ಕೊನೆಯ ವಚನ ನಮ್ಮವರ ಮನೆಗಳ ಗೋಡೆ ಕ್ಯಾಲೆಂಡರಿನಲ್ಲಿ ಹದ್ದಿನ ಚಿತ್ರದ ಜೊತೆ ತೂಗಾಡುತ್ತಿರುತ್ತದೆ. ಯೆಹೋವನನ್ನು ನಿರೀಕ್ಷಿಸುವವರು ಹೊಸ ಬಲ ಹೊಂದುತ್ತಾರೆ, ಹದ್ದುಗಳ ಹಾಗೆ ರೆಕ್ಕೆ ಚಾಚಿ ಏರುತ್ತಾರೆ ಎಂಬ ಮಾತು. ಅಲ್ಲಿ ‘ಹೊಸದಾಗಿ ಹೊಂದುವುದು’ ಎನ್ನಲು ಹೀಬ್ರೂ ಭಾಷೆಯಲ್ಲಿ ಯಾವ ಕ್ರಿಯಾಪದ ಇದೆಯೋ ಅದೇ ಪದ ಯೋಬನ 14ನೇ ಅಧ್ಯಾಯದಲ್ಲೂ ಬರುತ್ತದೆ. ಅಲ್ಲಿ ಅದು ಹದ್ದಿನ ಕೆಲಸವಲ್ಲ, ಕಡಿದ ಮರದ ಕೆಲಸ. ಮರಕ್ಕಾದರೆ ಆಸೆ ಉಂಟು, ಕಡಿದರೂ ಮತ್ತೆ ಚಿಗುರುತ್ತದೆ, ನೀರಿನ ವಾಸನೆ ಬಂದರೆ ಸಾಕು ಕೊನರುತ್ತದೆ ಎನ್ನುತ್ತಾನೆ ಯೋಬ. ಇದನ್ನು ತಿಳಿದ ಮೇಲೆ ನನಗೆ ಕ್ಯಾಲೆಂಡರಿನ ಹದ್ದಿಗಿಂತ ನಮ್ಮ ಹಿತ್ತಲಿನ ಬೇವೇ ಹತ್ತಿರವಾಯಿತು. ವಿದ್ಯುತ್ ತಂತಿಗೆ ತಾಗುತ್ತದೆಂದು ವರ್ಷವರ್ಷ ಬೋಳಿಸುತ್ತಾರೆ. ಯುಗಾದಿಯ ಹೊತ್ತಿಗೆ ಅದು ಚಿಗುರಿ ನಿಂತಿರುತ್ತದೆ. ಯಾವ ರಾತ್ರಿ ಚಿಗುರಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಆ ವಚನದ ಕ್ರಮವನ್ನೂ ನೋಡಿ. ಮೊದಲು ಹಾರುವುದು, ಆಮೇಲೆ ಓಡುವುದು, ಕೊನೆಗೆ ನಡೆಯುವುದು. ನಾವಾಗಿದ್ದರೆ ತಿರುಗಿಸಿ ಬರೆಯುತ್ತಿದ್ದೆವು. ಬಳಲದೆ ನಡೆಯುವುದನ್ನು ಕೊನೆಗಿಟ್ಟವನಿಗೆ ಬದುಕು ಗೊತ್ತಿತ್ತು.

ಎಲ್ಲಿಂದ ಶುರು ಮಾಡಲಿ?

ಮಾರ್ಕನ ಸುವಾರ್ತೆಯಿಂದ, ಅಂದರೆ ಮಾರ್ಕ ಬರೆದ ಯೇಸುವಿನ ಕಥೆಯಿಂದ. ಹದಿನಾರೇ ಅಧ್ಯಾಯ, ದಿನಕ್ಕೊಂದು ಓದಿದರೆ ಹದಿನಾರು ದಿನ. ಮಾತು ಕಡಿಮೆ, ಓಟ ಜಾಸ್ತಿ. ಯೇಸು ಒಂದು ಊರಿನಲ್ಲಿ ಊಟಕ್ಕೆ ಕೂತರೂ ಅದಕ್ಕೆ ಬಿಡುವಿಲ್ಲದಷ್ಟು ಜನ ಮುತ್ತುತ್ತಾರೆ. ಮಾರ್ಕ ಮುಗಿದ ಮೇಲೆ ಲೂಕ, ಲೂಕನ ಬೆನ್ನಿಗೇ ಅಪೊಸ್ತಲರ ಕೃತ್ಯಗಳು, ಏಕೆಂದರೆ ಅವೆರಡೂ ಒಬ್ಬನೇ ಬರೆದ ಒಂದೇ ಕಥೆಯ ಎರಡು ಭಾಗ. ಪಕ್ಕದಲ್ಲಿ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ ಇಟ್ಟುಕೊಳ್ಳಿ, ಉಪ್ಪಿನಕಾಯಿಯ ಹಾಗೆ.

ಆದಿಕಾಂಡದ ಮೊದಲ ಪುಟದಿಂದ ಪ್ರಕಟನೆಯ ಕೊನೆಯ ಪುಟದವರೆಗೆ ನೆಟ್ಟಗೆ ಹೋಗುತ್ತೇನೆ ಎಂದು ಜನವರಿ 1ರಂದು ಹೊರಟವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಫೆಬ್ರುವರಿಯಲ್ಲಿ ಅವರು ಎಲ್ಲಿರುತ್ತಾರೆ ಎಂಬುದು ಕೆಳಗೆ ಬರುತ್ತದೆ.

ದಿನಕ್ಕೆ ಎಷ್ಟು ಓದಬೇಕು?

ಲೆಕ್ಕ ಬೇಕಾದವರಿಗೆ ಲೆಕ್ಕ: ನಮ್ಮ ಪ್ರೊಟೆಸ್ಟಂಟ್ ಬೈಬಲಿನ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ, ಯೇಸುವಿಗೆ ಮುಂಚಿನ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ದಿನಕ್ಕೆ ಮೂರು ಅಧ್ಯಾಯ ಓದಿ ವಾರಕ್ಕೆ ಒಂದೆರಡು ದಿನ ನಾಲ್ಕು ಮಾಡಿಕೊಂಡರೆ ವರ್ಷಕ್ಕೆ ಮುಗಿಯುತ್ತದೆ. 1842ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್ ತನ್ನ ಸಭೆಯವರಿಗೆ ಒಂದು ಪಟ್ಟಿ ಮಾಡಿಕೊಟ್ಟ. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ; ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಮರುವರ್ಷವೇ, ಇನ್ನೂ ಮೂವತ್ತು ತುಂಬುವ ಮೊದಲೇ, ಆತ ತೀರಿಕೊಂಡ. ಪಟ್ಟಿ ಇಂದಿಗೂ ಓಡುತ್ತಿದೆ. ಆತನೇ ಆ ಪಟ್ಟಿಯ ಮುನ್ನುಡಿಯಲ್ಲಿ ಅದರ ಅಪಾಯಗಳನ್ನೂ ಹೇಳಿದ್ದ: ಓದು ಬರೀ ವಾಡಿಕೆಯಾಗಬಹುದು, ಓದಿ ಮುಗಿಸಿದೆ ಎಂಬ ಹೆಮ್ಮೆ ಹುಟ್ಟಬಹುದು. ಪಟ್ಟಿ ಹಂಚುವವರು ಆ ಮುನ್ನುಡಿಯನ್ನು ಮಾತ್ರ ಹಂಚುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಒಂದೇ ಅಧ್ಯಾಯ ಸಾಕು. ‘ಓದಿ ಓದಿ ಮರುಳಾದ ಕೂಚುಭಟ್ಟ’ ಎಂಬ ಗಾದೆಯನ್ನು ನಮ್ಮ ಜನ ಸುಮ್ಮನೆ ಕಟ್ಟಿಲ್ಲ. ಒಮ್ಮೆ ನಾನು ತೊಂಬತ್ತು ದಿನಗಳಲ್ಲಿ ಇಡೀ ಬೈಬಲ್ ಮುಗಿಸಿದೆ. ಏನು ಉಳಿಯಿತು ಎಂದರೆ, ಮುಗಿಸಿದೆ ಎಂದು ನಾಲ್ಕು ಜನರಿಗೆ ಹೇಳಿದ್ದು ಉಳಿಯಿತು.

ಬೆಳಿಗ್ಗೆಯೇ ಓದಬೇಕೇ?

ಬೆಳಿಗ್ಗೆ ಮನಸ್ಸು ತಿಳಿಯಾಗಿರುತ್ತದೆ ನಿಜ. ಆದರೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ತುಂಬಿ, ಎಂಟರ ಬಸ್ ಹಿಡಿಯುವ ಹೆಣ್ಣುಮಗಳಿಗೆ ಬ್ರಾಹ್ಮೀ ಮುಹೂರ್ತದ ಉಪದೇಶ ಮಾಡುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಆ ಡಬ್ಬಿಗಳನ್ನು ನೀವು ತುಂಬಿ. ಬಸ್ಸಿನಲ್ಲಿ ಸೀಟು ಸಿಕ್ಕರೆ ಬಸ್ಸಿನಲ್ಲಿ ಓದಿ. ರಾತ್ರಿ ಪಾಳಿ ಮಾಡುವವರು ಮನೆಗೆ ಬಂದು ಮಲಗುವ ಮುಂಚೆ ಓದಿ. ಹೊತ್ತಿಗಿಂತ ಜಾಗ ಮುಖ್ಯ ಎಂದು ನನಗೆ ಅನುಭವವಾಗಿದೆ. ಅದೇ ಕುರ್ಚಿ, ಅದೇ ಕಿಟಕಿ ಇದ್ದರೆ ಮೈ ತಾನಾಗಿ ಓದಿಗೆ ಕೂರುತ್ತದೆ.

ಯಾವ ಕನ್ನಡ ಬೈಬಲ್ ಕೊಳ್ಳಲಿ? ಹಳೆಯದು ಅರ್ಥವಾಗುವುದಿಲ್ಲ, ಹೊಸದು ರುಚಿಸುವುದಿಲ್ಲ.

ಈ ಪ್ರಶ್ನೆ ಬಂದರೆ ನಮ್ಮ ಮನೆಯಲ್ಲಿ ಚಹಾ ಎರಡು ಸಲ ಆಗುತ್ತದೆ.

ಕನ್ನಡ ಬೈಬಲಿಗೆ ಇನ್ನೂರು ವರ್ಷಗಳ ನಡಿಗೆ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತ. ಆತ ಮತ್ತು ಜೊತೆಗಾರ ವಿಲಿಯಂ ರೀವ್ ದುಡಿದು 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದುವ ಕೆಲಸ ಎತ್ತಿಕೊಂಡರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ತಂದ ಮೋಗ್ಲಿಂಗ್ ಆ ಗುಂಪಿನವರೇ. ಆಮೇಲೂ ತಿದ್ದುಪಡಿಗಳು ನಡೆದವು. ನಮ್ಮಲ್ಲಿ ‘ಹಳೇ ಸತ್ಯವೇದ’ ಎನ್ನುವುದು ಹೀಗೆ ಹಲವರ ಕೈ ದಾಟಿ ಬಂದ ಕನ್ನಡ.

“ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಈ ನಾಲ್ಕು ಪದಗಳ ಬಿಗಿಯನ್ನು ಮುರಿದು ಸರಳ ಮಾಡಿದರೆ ಅರ್ಥ ಹಿಗ್ಗಬಹುದು, ಬಾಯಲ್ಲಿ ನಿಲ್ಲುವುದು ಕಷ್ಟ. ಹಾಗೆಯೇ ಮೊರ, ಕಣ, ಹೊಟ್ಟು, ನೊಗ, ಹಕ್ಕಲಾಯುವುದು ಇವೆಲ್ಲ ಹಳೆಯ ಅನುವಾದದಲ್ಲಿ ನಮ್ಮ ಹೊಲದಿಂದ ಎದ್ದು ಬಂದ ಹಾಗಿವೆ. ಸ್ನಾನಿಕನಾದ ಯೋಹಾನನು, ತನ್ನ ಹಿಂದೆ ಬರುವವನ ಕೈಯಲ್ಲಿ ಮೊರ ಇದೆ ಎಂದಾಗ ನವಲಗುಂದದ ರೈತನಿಗೆ ಅಡಿಟಿಪ್ಪಣಿ ಬೇಕಿಲ್ಲ. ಬೇಕಾಗಿರುವುದು ಬೆಂಗಳೂರಿನ ಅವನ ಮೊಮ್ಮಗನಿಗೆ.

ಆ ಮೊಮ್ಮಗನಿಗೆ ಸರಳ ಅನುವಾದಗಳಿವೆ. ‘ಪವಿತ್ರ ಬೈಬಲ್’ ಎಂಬ ಸುಲಭ ಓದಿನ ಅನುವಾದ ಇದೆ, ‘ಕನ್ನಡ ಸಮಕಾಲಿಕ ಅನುವಾದ’ ಇದೆ; ಬೈಬಲ್ ಸೊಸೈಟಿಯ ಸಾಮಾನ್ಯ ಭಾಷೆಯ ಆವೃತ್ತಿಯಲ್ಲಿ ಯೆಹೋವ ಎನ್ನುವಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ. ನನ್ನ ಸಲಹೆ ಇಷ್ಟು: ಕಥೆ, ಪತ್ರಿಕೆ (ಅಪೊಸ್ತಲರು ಬರೆದ ಕಾಗದಗಳು), ಪ್ರವಾದಿಗಳ ಪುಸ್ತಕಗಳನ್ನು ಸರಳ ಅನುವಾದದಲ್ಲಿ ಓದಿ. ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಹಳೆಯದರಲ್ಲಿ ಮೊದಲ ಸಲ ಓದಿದರೆ ವಾಕ್ಯದ ಕರ್ತೃ ಯಾರೆಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ. ಕೀರ್ತನೆಗಳನ್ನು ಮಾತ್ರ ಹಳೆಯದರಲ್ಲೇ ಓದಿ, ಬಾಯಿಪಾಠ ಮಾಡುವುದನ್ನೂ ಅದರಲ್ಲೇ ಮಾಡಿ. ಅರವತ್ತು ದಾಟಿದವರು ದೊಡ್ಡ ಅಕ್ಷರದ ಪ್ರತಿಯನ್ನು ಕೇಳಿ ಪಡೆಯಿರಿ, ಅಭಿಮಾನ ಬೇಡ.

ಕಥೋಲಿಕರ ಬೈಬಲ್ ಬೇರೆಯೇ?

ಅವರದರಲ್ಲಿ 73 ಪುಸ್ತಕಗಳು, ನಮ್ಮದರಲ್ಲಿ 66. ಹೆಚ್ಚಿನ ಏಳೂ ಹಳೆಯ ಒಡಂಬಡಿಕೆಯ ಭಾಗದಲ್ಲಿವೆ. ಹೊಸ ಒಡಂಬಡಿಕೆ ಇಬ್ಬರಿಗೂ ಒಂದೇ. ನಮ್ಮ ಗುರುವಾರದ ಗುಂಪಿನಲ್ಲಿ ಇಬ್ಬರು ಕಥೋಲಿಕ ಅಕ್ಕಂದಿರು ಇದ್ದಾರೆ. ದಿನದ ಪೂಜೆಯ ವಾಚನಗಳನ್ನು ಅನುಸರಿಸುವ ಅವರು ನಮ್ಮೆಲ್ಲರಿಗಿಂತ ಕ್ರಮವಾಗಿ ಓದುತ್ತಾರೆ.

ಗಟ್ಟಿಯಾಗಿ ಓದಬೇಕೋ, ಮನಸ್ಸಿನಲ್ಲೋ?

ಗಟ್ಟಿಯಾಗಿ. ಕೊನೆಗೆ ತುಟಿಯಾದರೂ ಆಡಲಿ.

ಮೊದಲನೆಯ ಕೀರ್ತನೆ ಹಗಲಿರುಳು ಧರ್ಮಶಾಸ್ತ್ರವನ್ನು ಧ್ಯಾನಿಸುವವನು ಧನ್ಯ ಎನ್ನುತ್ತದೆ. ಧ್ಯಾನ ಎಂದ ಕೂಡಲೇ ನಮಗೆ ಕಣ್ಣು ಮುಚ್ಚಿ ಪದ್ಮಾಸನ ಹಾಕಿದ ಚಿತ್ರ ಬರುತ್ತದೆ. ಆದರೆ ಅಲ್ಲಿರುವ ಹೀಬ್ರೂ ಪದ ‘ಹಾಗಾ’ ಸದ್ದಿನ ಪದ. ಯೆಶಾಯನ 38ರಲ್ಲಿ ಪಾರಿವಾಳ ಗುಬ್ಬಳಿಸುವುದಕ್ಕೆ ಅದೇ ಪದ. 31ರಲ್ಲಿ ಬೇಟೆ ಹಿಡಿದ ಸಿಂಹ ಅದರ ಮೇಲೆ ಗುರುಗುಟ್ಟುವುದಕ್ಕೂ ಅದೇ. ನಾಯಿ ಎಲುಬು ಹಿಡಿದುಕೊಂಡು ಮೂಲೆಗೆ ಹೋಗಿ ಸದ್ದು ಮಾಡುತ್ತಾ ಕಡಿಯುವುದನ್ನು ನೋಡಿದ್ದೀರಲ್ಲ, ಕೀರ್ತನೆಗಾರ ಹೇಳುವ ಧ್ಯಾನ ಸುಮಾರಾಗಿ ಅದು.

ಹನ್ನೆರಡನೆಯ ಶತಮಾನದ ಎರಡನೆಯ ಗೀಗೋ ಎಂಬ ಕಾರ್ಥೂಸಿಯನ್ ಸಂನ್ಯಾಸಿ ಓದನ್ನು ನಾಲ್ಕು ಮೆಟ್ಟಿಲ ಏಣಿ ಎಂದ: ಓದು, ಮನನ, ಪ್ರಾರ್ಥನೆ, ಮೌನದಲ್ಲಿ ನಿಲ್ಲುವುದು. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ ಎಂಬ ಅರ್ಥದಲ್ಲಿ ವಿವರಿಸಿದ. ಶ್ರವಣ, ಮನನ, ನಿದಿಧ್ಯಾಸನ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಹೊಸತೇನಲ್ಲ. ಗಮಕಿಗಳು ಕಾವ್ಯ ವಾಚಿಸುವುದನ್ನು ಒಮ್ಮೆ ಕೇಳಿದವರಿಗೆ ಗಟ್ಟಿ ಓದಿನ ಬಲವನ್ನು ನಾನು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಹೀಗೆ ಮಾಡಿ ನೋಡಿ: ಅಧ್ಯಾಯವನ್ನು ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಿ ನಾಲಿಗೆ ಅಥವಾ ಮನಸ್ಸು ತಡವರಿಸಿತೋ ಆ ವಚನಕ್ಕೆ ವಾಪಸ್ಸು ಹೋಗಿ ಮೂರು ಸಲ ಓದಿ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ದಿನದ ಕೆಲಸಕ್ಕೆ ಹೋಗಿ. ಪಾತ್ರೆ ತೊಳೆಯುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಗುಣುಗುಟ್ಟಿ. ನನಗೆ ಗೊತ್ತಿರುವ ವಿಧಾನ ಇದೊಂದೇ.

“ಅಕ್ಕಾರ, ಯಾಜಕಕಾಂಡಕ್ಕ ಬಂದು ನಿಂತೀನಿ. ಮುಂದ ಹೋಗವಲ್ದು.”

ನೀವೊಬ್ಬರೇ ಅಲ್ಲ. ಫೆಬ್ರುವರಿಯಲ್ಲಿ ಎಲ್ಲರೂ ಅಲ್ಲೇ ನಿಂತಿರುತ್ತಾರೆ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟಿದ ಉತ್ಸಾಹವೆಲ್ಲ ಗುಡಾರದ ಪರದೆ, ಕೊಂಡಿಗಳ ಅಳತೆಯಲ್ಲಿ ಇಳಿದು, ಬೈಬಲಿನ ಮೂರನೆಯ ಪುಸ್ತಕ ಯಾಜಕಕಾಂಡದ ಬಲಿಗಳ ಕೊಬ್ಬು, ಮೂತ್ರಪಿಂಡಗಳ ಹತ್ತಿರ ಆರಿಹೋಗುತ್ತದೆ.

ನೇರ 19ನೇ ಅಧ್ಯಾಯಕ್ಕೆ ಹೋಗಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಕಲ್ಲಿಡಬೇಡ. ತಕ್ಕಡಿ ನ್ಯಾಯವಾಗಿರಲಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆಯನ್ನು ಬಡವನಿಗೂ ಪರದೇಶಿಗೂ ಬಿಡು. ಯೇಸು ಎತ್ತಿ ಹೇಳಿದ ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಮಾತೂ ಮೂಲತಃ ಇಲ್ಲಿಯದೇ, 18ನೇ ವಚನ. ಇದನ್ನು ಓದಿ ಅದೇ ಉಸಿರಿನಲ್ಲಿ ರೂತಳ ಪುಸ್ತಕ ತೆಗೆಯಿರಿ, ನಾಲ್ಕೇ ಅಧ್ಯಾಯ. ಗಂಡನನ್ನು ಕಳೆದುಕೊಂಡ ಪರದೇಶದ ಹೆಣ್ಣು ಅತ್ತೆಯ ಹೊಟ್ಟೆ ತುಂಬಿಸಲು ಹಕ್ಕಲಾಯಲು ಹೋಗುತ್ತಾಳೆ. ಯಾಜಕಕಾಂಡದ ಒಣ ಕಟ್ಟಳೆ ಒಂದು ಹೊಲದಲ್ಲಿ ಹೇಗೆ ಅನ್ನವಾಗುತ್ತದೆ ಎಂದು ಅಲ್ಲಿ ಕಾಣುತ್ತದೆ. ಆಮೇಲೆ ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ, ನಾವೆಲ್ಲ ಹಾರಿಸುವ ಪುಟ, ಅದರಲ್ಲಿ ರೂತಳ ಹೆಸರು ಹುಡುಕಿ. ತಾಮಾರಳು, ರಾಹಾಬಳು, ರೂತಳು, ‘ಊರೀಯನ ಹೆಂಡತಿ’. ಯೇಸುವಿನ ತಾಯಿಯ ಹೆಸರು ಬರುವ ಮುನ್ನ ನಾಲ್ಕು ಹೆಂಗಸರು, ನಾಲ್ವರದೂ ಊರು ಆಡಿಕೊಳ್ಳುವಂಥ ಕಥೆ.

ಉಳಿದ ಯಾಜಕಕಾಂಡವನ್ನು ಇನ್ನೊಂದು ವರ್ಷಕ್ಕೆ ಬಿಡಿ. ಅದು ಎಲ್ಲೂ ಓಡಿಹೋಗುವುದಿಲ್ಲ.

ಓದುತ್ತೇನೆ, ಪ್ರಾರ್ಥಿಸುತ್ತೇನೆ, ಆದರೂ ಒಳಗೆ ಏನೂ ಅನ್ನಿಸುವುದಿಲ್ಲ. ನನ್ನ ನಂಬಿಕೆ ಸತ್ತಿದೆಯೇ?

ನನ್ನ ತಾಯಿ ತೀರಿಕೊಂಡ ಮೇಲೆ ಮೂರು ತಿಂಗಳು ನಾನು ಬೈಬಲ್ ತೆಗೆಯಲಿಲ್ಲ. ಸಮಾಧಾನ ಹೇಳಲು ಬಂದವರು ಒಬ್ಬೊಬ್ಬರೂ ಒಂದೊಂದು ವಚನ ಹೇಳಿ ಹೋಗುತ್ತಿದ್ದರು. ಒಂದೂ ತಟ್ಟಲಿಲ್ಲ, ಕೆಲವು ಸಿಟ್ಟೇ ತರಿಸಿದವು. ಮತ್ತೆ ತೆಗೆದಾಗ ಕೈಗೆ ಬಂದದ್ದು 88ನೇ ಕೀರ್ತನೆ. ದುಃಖದ ಕೀರ್ತನೆಗಳು ಬಹುಪಾಲು ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗಿಕೊಳ್ಳುತ್ತವೆ. ಇದು ತಿರುಗಿಕೊಳ್ಳುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದನ್ನೂ ಯಾರೋ ದೇವರ ಎದುರು ಹಾಡಿದ್ದರು, ಅದನ್ನು ಹರಿದು ಎಸೆಯದೆ ಸಾವಿರಾರು ವರ್ಷ ಕಾಪಾಡಿ ನನ್ನವರೆಗೆ ತಂದುಕೊಟ್ಟಿದ್ದರು. ಅಂದು ನನಗೆ ಸಮಾಧಾನವಾಯಿತು ಎಂದು ಹೇಳಲಾರೆ. ಜೊತೆ ಸಿಕ್ಕಿತು.

ಹಾಗಾಗಿ ಏನೂ ಅನ್ನಿಸದ ದಿನಗಳಲ್ಲಿ ಏನೂ ಅನ್ನಿಸದವರ ಮಾತುಗಳನ್ನೇ ಓದಿ. 13, 42, 77, 88 ಈ ಕೀರ್ತನೆಗಳು, ಪ್ರಲಾಪಗಳ ಮೂರನೇ ಅಧ್ಯಾಯ, ಹಬಕ್ಕೂಕ. ‘ದಿನದಿನವೂ ಹೊಸಹೊಸದಾಗಿ’ ದೇವರ ಕರುಣೆ ಒದಗುತ್ತದೆ ಎಂಬ ಮಾತನ್ನು ನಾವು ಹುಟ್ಟುಹಬ್ಬದ ಕಾರ್ಡಿಗೆ ಬರೆಯುತ್ತೇವೆ. ಅದು ಬಂದಿರುವುದು ಪ್ರಲಾಪಗಳಲ್ಲಿ, ಬಾಬೆಲಿನವರು (ಬ್ಯಾಬಿಲೋನಿನವರು) ಸುಟ್ಟ ಯೆರೂಸಲೇಮಿಗಾಗಿ ಅಳುವ ಪುಸ್ತಕದಲ್ಲಿ. ಆ ಅಧ್ಯಾಯಕ್ಕೆ 66 ವಚನ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಮೂರು ಮೂರರಂತೆ. ಎಲ್ಲ ಕಳೆದುಕೊಂಡವನು ಅಕ್ಷರಮಾಲೆಯನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟ ಹಾಗಿದೆ. ಕರುಣೆಯ ಮಾತು ನಟ್ಟನಡುವೆ ಎಲ್ಲೋ ಬರುತ್ತದೆ, ಅದಾದ ಮೇಲೂ ಅಳು ಮುಂದುವರಿಯುತ್ತದೆ.

ಓದುವ ಮುಂಚೆ ನಾನು ಮಾಡುವ ಪ್ರಾರ್ಥನೆ ಒಂದೇ ಸಾಲಿನದು, 119ನೇ ಕೀರ್ತನೆಯ 18ನೇ ವಚನದ್ದು: ನನ್ನ ಕಣ್ಣು ತೆರೆ. ಕಣ್ಣು ತೆರೆಯುವುದು ಆತನ ಕೆಲಸ, ಪುಸ್ತಕ ತೆರೆಯುವುದು ನನ್ನದು. ಈ ಪಾಲು ಮಾಡಿಕೊಂಡ ಮೇಲೆ ನನಗೆ ಎಷ್ಟೋ ಹಗುರಾಗಿದೆ.

ಮನಸ್ಸಿಗೆ ತೀರಾ ಕಷ್ಟವಾಗಿದೆ. ನಿದ್ದೆಯಿಲ್ಲ, ಬದುಕು ಬೇಡ ಅನಿಸುತ್ತದೆ. ಬೈಬಲ್ ಓದಿದರೆ ಸರಿಹೋಗುತ್ತದೆಯೇ?

ದಯವಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ. ಈ ಕ್ಷಣ ಯಾರ ಜೊತೆಗಾದರೂ ಮಾತಾಡಬೇಕಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹಗಲಾಗಲಿ ರಾತ್ರಿಯಾಗಲಿ. ಮಾತ್ರೆ ತೆಗೆದುಕೊಳ್ಳುವುದು ಅಪನಂಬಿಕೆ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡಿ.

ಎಲೀಯನ ಕಥೆ ಒಂದನೆಯ ಅರಸುಗಳು 19ರಲ್ಲಿದೆ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ, ಮಾರನೆಯ ಅಧ್ಯಾಯದಲ್ಲೇ ಮರುಭೂಮಿಯ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆ ಎನ್ನುತ್ತಾನೆ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮಲಗಲು ಬಿಟ್ಟು ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ಮಾತುಕತೆ ನಡೆದದ್ದು ಆಮೇಲೆ, ಬಹಳ ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಹೊಸ ವರ್ಷದ ರಾತ್ರಿ ಸಿಗುವ ವಾಗ್ದಾನದ ಕಾರ್ಡು? ಕಣ್ಣು ಮುಚ್ಚಿ ಪುಟ ತೆಗೆದು ಬೆರಳಿಡುವುದು?

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಕಾರ್ಡು ಎತ್ತುವ ಸಂಭ್ರಮ ನನಗೂ ಇಷ್ಟ. ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಆದರೆ ವರ್ಷವಿಡೀ ಅದೊಂದೇ ವಚನದ ಮೇಲೆ ಬದುಕುವುದು ಬರೀ ಒಗ್ಗರಣೆಯಲ್ಲಿ ಊಟ ಮುಗಿಸಿದ ಹಾಗೆ.

ಕಾರ್ಡುಗಳಲ್ಲಿ ಹೆಚ್ಚು ಸಿಗುವುದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂಬ ಮಾತು. ಅದರ ಹಿಂದಿನ ವಚನ ಯಾವ ಕಾರ್ಡಿನಲ್ಲೂ ಇಲ್ಲ: ಅದೆಲ್ಲ ಆಗುವುದು ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ. ಆ ಅಧ್ಯಾಯ ಸೆರೆಯಾಗಿ ಹೋದವರಿಗೆ ಬರೆದ ಕಾಗದ. ಬೇಗ ಬಿಡುಗಡೆ ಎಂದು ಪ್ರವಾದಿಗಳು ಪುಸಲಾಯಿಸುತ್ತಿದ್ದಾಗ ಯೆರೆಮೀಯ ಬರೆದದ್ದು ಹೀಗೆ: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಹಿಡಿದೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಬೇಡಿಕೊಳ್ಳಿ. ಕಾಗದ ಓದಿದ ಎಷ್ಟೋ ಮಂದಿ ಬಿಡುಗಡೆ ಕಾಣದೆ ಅಲ್ಲೇ ಮಣ್ಣಾಗಿರಬೇಕು. ಇಷ್ಟು ತಿಳಿದು ಅದೇ ವಚನ ಓದಿ ನೋಡಿ; ಮಾತು ಹಗುರವಾಗುವುದಿಲ್ಲ, ತೂಕ ಬರುತ್ತದೆ. ವೀಸಾ, ಪ್ರಮೋಷನ್ನುಗಳ ಭವಿಷ್ಯವಾಣಿಯಾಗಿ ಮಾತ್ರ ಉಳಿಯುವುದಿಲ್ಲ.

ಬೆರಳಿಡುವವರು ಪ್ರಾಚೀನ ಸಭೆಯ ಗುರು ಅಗಸ್ಟೀನನ ಹೆಸರು ಹೇಳುತ್ತಾರೆ. ನಿಜ, 386ರಲ್ಲಿ ಮಿಲಾನಿನ ತೋಟವೊಂದರಲ್ಲಿ, ತೆಗೆದು ಓದು ಎಂಬ ಮಗುವಿನ ದನಿ ಕೇಳಿ ಪುಸ್ತಕ ತೆರೆದಾಗ ರೋಮಾಪುರದವರಿಗೆ 13ನೇ ಅಧ್ಯಾಯ ಸಿಕ್ಕಿ ಆತನ ಬದುಕು ತಿರುಗಿತು. ಆದರೆ ಅದಕ್ಕೂ ಮುಂಚೆ ಆತ ಮಿಲಾನಿನ ಬಿಷಪ್ ಆಂಬ್ರೋಸನ ಪ್ರಸಂಗಗಳನ್ನು ಕೇಳುತ್ತಾ, ಪೌಲನ ಪತ್ರಿಕೆಗಳನ್ನು ಓದುತ್ತಾ ಒದ್ದಾಡಿದ್ದ. ಹೊಲ ಹದವಾಗಿತ್ತು.

ನಾಲ್ಕು ದಿನ ಬಿಟ್ಟುಹೋಯಿತು. ಬಾಕಿ ಓದಿ ಮುಗಿಸಲೇ?

ಬೇಡ. ಇವತ್ತಿನದನ್ನು ಓದಿ.

ಬೈಬಲಿನಲ್ಲಿ ಹಿಂಸೆ ಇದೆ, ಶಾಪ ಇದೆ. ಓದಿದರೆ ಮನಸ್ಸು ಕೆಡುತ್ತದೆ.

ಕೆಡುತ್ತದೆ, ಕೆಡಲಿ. 137ನೇ ಕೀರ್ತನೆಯ ಕೊನೆಯ ವಚನವನ್ನು ನಾನು ಗುಂಪಿನಲ್ಲಿ ಗಟ್ಟಿಯಾಗಿ ಓದಿದಾಗ ಒಬ್ಬರು ಎದ್ದು ಹೊರಗೆ ಹೋದರು. ಶತ್ರುಗಳ ಎಳೆಗೂಸುಗಳ ಮಾತು ಅಲ್ಲಿದೆ. ಮನೆ ಸುಟ್ಟು, ಮಕ್ಕಳನ್ನು ಕಳೆದುಕೊಂಡು, ಈಗ ಗೆದ್ದವರ ಮುಂದೆ ಹಾಡು ಹೇಳು ಎಂದು ಗೇಲಿಗೊಳಗಾದವರ ಬಾಯಿಂದ ಬಂದ ಮಾತದು. ದೇವರು ಹೀಗೆ ಮಾಡೆಂದ ಎಂದು ಅಲ್ಲಿಲ್ಲ. ಮನುಷ್ಯನೊಬ್ಬ ತನ್ನ ಸೇಡನ್ನು ದೇವರ ಮುಂದೆ ಹೊರಹಾಕಿದ್ದಾನೆ. ದೇವರೇ ಆಜ್ಞಾಪಿಸಿದನೆಂದು ಬರೆದಿರುವ ಯುದ್ಧಗಳ ಅಧ್ಯಾಯಗಳು ಇದಕ್ಕಿಂತ ಕಷ್ಟದವು. ಅವುಗಳಿಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿದ್ದೇನೆ. ಸುವಾರ್ತೆಗಳನ್ನು ಓದಿ ಹಿಂದಕ್ಕೆ ಬಂದು ನೋಡಿದರೆ ಕೆಲವು ಚಿಹ್ನೆಗಳು ಅಳಿಸಿವೆ, ಕೆಲವು ಹಾಗೇ ಇವೆ.

ಕುಟುಂಬ ಪ್ರಾರ್ಥನೆಗೆ ಮಕ್ಕಳು ಕೂರುವುದಿಲ್ಲ.

ಎಷ್ಟು ಹೊತ್ತು ಕೂರಿಸುತ್ತೀರಿ? ಐದು ಕೀರ್ತನೆ ಹಾಡಿ, ಒಂದು ಅಧ್ಯಾಯ ಓದಿ, ಅಪ್ಪ ಅರ್ಧ ಗಂಟೆ ಪ್ರಾರ್ಥಿಸಿದರೆ ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಉದ್ದ ಪ್ರಸಂಗಕ್ಕೆ ತೂಕಡಿಸಿದ ಯೂತಿಖನೂ ಕಿಟಕಿಯಿಂದ ಬಿದ್ದೇಬಿದ್ದ. ಹತ್ತು ನಿಮಿಷ ಸಾಕು. ಓದುವ ಕೆಲಸವನ್ನು ಮಕ್ಕಳಿಗೇ ಕೊಡಿ. ಇಂಗ್ಲಿಷ್ ಶಾಲೆಯ ಮಕ್ಕಳು ಕನ್ನಡ ಒತ್ತಕ್ಷರದಲ್ಲಿ ಎಡವುತ್ತಾರೆ, ನಗಬೇಡಿ. ನಮ್ಮ ಗುಂಪಿನ ಒಬ್ಬ ಹುಡುಗಿ ಕನ್ನಡ ಓದುವುದನ್ನು ಕಲಿತದ್ದೇ ಹೀಗೆ, ದಾನಿಯೇಲನ ಸಿಂಹಗಳ ಗವಿಯಲ್ಲಿ.

ಮೊಬೈಲಿನಲ್ಲಿ ಓದಿದರೆ ಆಗುವುದಿಲ್ಲವೇ?

ಆಗುತ್ತದೆ. ಎರಡು ಮೂರು ಕನ್ನಡ ಅನುವಾದಗಳನ್ನು ಹೋಲಿಸಲು ಅದೇ ಅನುಕೂಲ. ಆದರೆ ಅಳಿಯನ ಗುಡ್ ಮಾರ್ನಿಂಗ್ ಮೆಸೇಜು ಪುಸ್ತಕದೊಳಗೆ ಬರುವುದಿಲ್ಲ.

ನಾನು ಕ್ರೈಸ್ತನಲ್ಲ. ಸುಮ್ಮನೆ ಓದಬಹುದೇ?

ಓದಿ. ಯಾರ ಅಪ್ಪಣೆಯೂ ಬೇಡ. ಜ್ಞಾನೋಕ್ತಿಗಳು 31 ಅಧ್ಯಾಯ, ತಿಂಗಳಿಗೆ ಸರಿ. ಪ್ರಸಂಗಿ ಓದಿದ ನಮ್ಮ ಪಕ್ಕದ ಮನೆಯ ಮಾಸ್ತರರು “ಇದು ನಮ್ಮವರೇ ಬರದಂಗ ಐತ್ರಿ” ಎಂದರು. ಪರ್ವತ ಪ್ರಸಂಗ ಮತ್ತಾಯನ 5ರಿಂದ 7ರವರೆಗೆ ಇದೆ. ಪ್ರಶ್ನೆ ಬಂದರೆ ಕೇಳಿ, ವಾದ ಬಂದರೆ ಗುರುವಾರ ಬನ್ನಿ.

ಬದಲಾವಣೆ ಆಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ನಮಗೆ ಗೊತ್ತಾಗುವುದಿಲ್ಲ, ಮನೆಯವರಿಗೆ ಗೊತ್ತಾಗುತ್ತದೆ. ನೆಹೆಮೀಯ 8ರಲ್ಲಿ ಶಾಸ್ತ್ರಿ ಎಜ್ರನು ನೀರುಬಾಗಿಲಿನ ಎದುರಿನ ಬಯಲಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಗ್ರಂಥ ಓದುತ್ತಾನೆ. ಜನ ಅಳುತ್ತಾರೆ. ಅಳುವುದೇ ಓದಿನ ಫಲ ಎಂದು ನಾವಾಗಿದ್ದರೆ ಕೂಟವನ್ನು ಇನ್ನೂ ಒಂದು ದಿನ ಮುಂದುವರಿಸುತ್ತಿದ್ದೆವು. ಆದರೆ ಅಲ್ಲಿ, ಅಳಬೇಡಿ, ಮನೆಗೆ ಹೋಗಿ ಮೃಷ್ಟಾನ್ನ ಉಣ್ಣಿ, ಮನೆಯಲ್ಲಿ ಅಡುಗೆಯಿಲ್ಲದವರಿಗೂ ಒಂದು ಪಾಲು ಕಳಿಸಿ ಎನ್ನುತ್ತಾರೆ. ನನ್ನ ತಪಾಸಣೆ ಅದೇ: ಈ ತಿಂಗಳ ಓದಿನಿಂದ ಯಾರ ಮನೆಗೆ ಡಬ್ಬಿ ಹೋಯಿತು?

ಓದು ಬಾರದವರು, ಕಣ್ಣು ಮಂಜಾದವರು ಏನು ಮಾಡಬೇಕು?

ಕೇಳಬೇಕು. ಈ ಪುಸ್ತಕಗಳು ಹುಟ್ಟಿದ ಕಾಲದಲ್ಲಿ ಬಹುಪಾಲು ಜನ ಕೇಳಿಯೇ ತಿಳಿದವರು. ಪ್ರಕಟನೆಯ ಮೊದಲಲ್ಲೇ ಓದುವವನೂ ಧನ್ಯ, ಕೇಳುವವರೂ ಧನ್ಯರು ಎಂದಿದೆ: ಓದುವವನು ಒಬ್ಬ, ಕೇಳುವವರು ಹಲವರು. ಈಗ ಕನ್ನಡ ಬೈಬಲಿನ ಧ್ವನಿಮುದ್ರಣ ಫೋನಿನಲ್ಲೇ ಸಿಗುತ್ತದೆ, ಮೊಮ್ಮಕ್ಕಳು ಹಾಕಿಕೊಟ್ಟರೆ ಸಾಕು.

ನಮ್ಮ ಗುಂಪಿಗೆ ಒಬ್ಬ ಅಜ್ಜಿ ಬರುತ್ತಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ನಿದ್ದೆ ಹೋದರೆಂದು ಹೊಸಬರು ತಿಳಿಯುತ್ತಾರೆ. ಹೋದ ತಿಂಗಳು ನಾನು 23ನೇ ಕೀರ್ತನೆ ಓದುತ್ತಿದ್ದೆ. ಅವಸರದಲ್ಲಿದ್ದೆ, ಒಲೆಯ ಮೇಲೆ ಹಾಲಿತ್ತು. ಮುಗಿಸಿ ಪುಸ್ತಕ ಮುಚ್ಚಿದೆ. ಅಜ್ಜಿ ಕಣ್ಣು ತೆರೆಯದೆಯೇ ಹೇಳಿದರು:

“ಬಾಯಾರ, ನೀರಿನ ಬಳಿಗಿಂದು ನುಂಗಿದಿರಿ. ತಿರಿಗಿ ಓದ್ರಿ.”

ಹಾಲು ಉಕ್ಕಿತು. ತಿರುಗಿ ಓದಿದೆ.